ಗೋಡೆಯಾಚೆಯ ಲಿಲ್ಲಿ

ಅತ್ತೆಯ ಲಿಲ್ಲಿ ಗಡ್ಡೆಯನ್ನು ಯಾರೂ ಕದ್ದಿರಲಿಲ್ಲ. ಅದು ನನಗೆ ಮೊದಲ ದಿನವೇ ಗೊತ್ತಿತ್ತು — ಗೊತ್ತಿದ್ದೂ ಬಾಯಿ ಬಿಡಲಿಲ್ಲ.

ಬ್ಯಾಡಗಿಯಲ್ಲಿ ಸುಗ್ಗಿ ಮುಗಿದರೂ ಮೆಣಸಿನಕಾಯಿಯ ಘಾಟು ಓಣಿ ಬಿಟ್ಟು ಹೋಗುವುದಿಲ್ಲ. ಅದನ್ನೂ ಸೋಲಿಸಿ ಮಳೆಗಾಲದ ಸಂಜೆ ಘಮಘಮಿಸುತ್ತಿದ್ದದ್ದು ನಮ್ಮ ಹಿತ್ತಲಿನ ಬಿಳಿ ಲಿಲ್ಲಿ. ಅತ್ತೆ ತವರು ಗಳಗನಾಥದಿಂದ ತಂದು ನೆಟ್ಟದ್ದು. ಮಗನನ್ನು ಕೇಳಿದರೆ ಕೊಟ್ಟಾರು, ಗಡ್ಡೆ ಮಾತ್ರ ಕೇಳಬಾರದು. ಪಕ್ಕದ ಮನೆಯ ನೀಲವ್ವ ಕಾಕು ಅವರ ಜೀವದ ಗೆಳತಿ, ಅವರಿಗೂ ಇಲ್ಲ! ಕಾಕುವಿನ ಲಿಲ್ಲಿಗೆ ಕೆಂಪು ಗೆರೆಯ ಚೆಂದವಿತ್ತು, ವಾಸನೆ ಇರಲಿಲ್ಲ.

ನಾನು ರಾಣೆಬೆನ್ನೂರು ಕಡೆಯವಳು. ಮದುವೆಗೆ ಮುಂಚೆ ಬೀಜದ ಹೊಲಗಳಲ್ಲಿ ಕ್ರಾಸಿಂಗ್ ಕೆಲಸ ಮಾಡುತ್ತಿದ್ದೆ — ಒಂದು ಹೂವಿನ ಪರಾಗದ ಪುಡಿಯನ್ನು ಇನ್ನೊಂದಕ್ಕೆ ಮುಟ್ಟಿಸಿ ಮಿಶ್ರತಳಿಯ ಬೀಜ ಕಟ್ಟಿಸುವುದು. ಅರಳಿದ ಹೂ ಕಂಡರೆ ನನ್ನ ಬೆರಳು ಸುಮ್ಮನಿರುವುದಿಲ್ಲ. ಹೊಸ ಸೊಸೆಯಾಗಿದ್ದಾಗ ಒಂದು ಬೆಳಿಗ್ಗೆ, ಕಾಕು ಮನೆಗೆ ಹೆಪ್ಪು ಕೇಳಲು ಹೊರಟವಳು ಅತ್ತೆಯ ಲಿಲ್ಲಿಯ ಪುಡಿಯನ್ನು ಉಗುರಿಗೆ ಹಚ್ಚಿಕೊಂಡೆ. ಅಲ್ಲಿಯ ಹೂವಿಗೆ ಮುಟ್ಟಿಸಿ ಬಂದೆ. ಅಷ್ಟೇ — ಆದರೆ ಎಂಥ ಖುಷಿ ಅಂತೀರಿ!

ಕಾಯಿ ಬಲಿತು ಉದುರಿತು, ಮೊಳೆಯಿತು. ಕೆಲವು ಮಳೆಗಾಲ ಕಳೆದು ಕಾಕು ಹಿತ್ತಲಲ್ಲಿ ಹೊಸ ಗಿಡ ಹೂಬಿಟ್ಟಿತು. ಬಿಳಿಯಲ್ಲಿ ತೆಳು ಗುಲಾಬಿ ಗೆರೆ, ಪರಿಮಳ ಮಾತ್ರ ಅತ್ತೆಯ ಲಿಲ್ಲಿಯದೇ. ಅತ್ತೆ ಗೋಡೆಯ ಬಳಿ ನಿಂತು ಮೂಗರಳಿಸಿ ಅಂದರು: “ನನ್ನ ಗಡ್ಡಿ ಕಿತ್ಗೊಂಡು ಹೋಗ್ಯಾಳ ನೀಲವ್ವ!” ಬಣ್ಣ ಬೇರೆ ಎಂಬುದು ಅವರ ಸಿಟ್ಟಿಗೆ ಕಾಣಲಿಲ್ಲ.

ಕಾಕುವಿಗೆ ಅದು ಕೇಳಿಸಿತು. ನಾಗರ ಪಂಚಮಿಗೆ ಎರಡೂ ಮನೆಯವರು ಒಬ್ಬರಿಗೊಬ್ಬರು ಕೊಡುತ್ತಿದ್ದ ಉಂಡಿ ಡಬ್ಬಿ ಆ ವರ್ಷ ಗೋಡೆ ದಾಟಲಿಲ್ಲ. ಮರುವರ್ಷವೂ... ನಾನು ಸುಮ್ಮನೆ ಉಂಡಿ ಕಟ್ಟುತ್ತ ಕುಳಿತಿದ್ದೆ. ಅತ್ತೆಯ ಅಂಜಿಕೆ ಒಂದು; ಇನ್ನೊಂದು — ನಾಚಿಕೆ ಬಿಟ್ಟು ಹೇಳುತ್ತೇನೆ — ಎರಡೂ ಹಿತ್ತಲಿನ ಪರಿಮಳ ಒಟ್ಟಿಗೆ ಸಿಗುವ ಸುಖ; ನಿಜ ಹೇಳಿದರೆ ಆ ಗಿಡವನ್ನೇ ಕೀಳಿಸಿಯಾರು.

ಈ ಮಳೆಗಾಲದ ಒಂದು ಸಂಜೆ ನೋಡಿದೆ: ಅತ್ತೆ ಕುರ್ಚಿಯನ್ನು ಗೋಡೆಗೆ ಒತ್ತಿ ಹಾಕಿಕೊಂಡು, ಕಣ್ಣು ಮುಚ್ಚಿ, ಆ ಕಡೆಯ ಗಾಳಿಗೆ ಮುಖವೊಡ್ಡಿದ್ದರು. ನಮ್ಮ ಹೂವಿಗೆ ಬೆನ್ನು ಮಾಡಿ! ನನಗೆ ತಡೆಯಲಾಗಲಿಲ್ಲ. ಕಾಲ ಬಳಿ ಕುಳಿತು ಎಲ್ಲ ಹೇಳಿಬಿಟ್ಟೆ.

ಅತ್ತೆ ನನ್ನ ಬೆರಳು ಹಿಡಿದು ತಿರುಗಿಸಿ ನೋಡಿದರು. ಆಮೇಲೆ ಎದ್ದು ಗೋಡೆಯಾಚೆಗೆ ಕೂಗಿದರು: “ನೀಲವ್ವಾ, ಲಗೂ ಬಾ ಇಲ್ಲಿ! ಕಳ್ಳಿ ನಮ್ಮ ಮನ್ಯಾಗ ಅದಾಳ!”

ಕಾಕು ಬಂದರು, ಆ ಹೊಸ ಗಿಡದ ಹೂವು ಹಿಡಿದುಕೊಂಡೇ. ಅತ್ತೆ ನನ್ನ ಕಿತಾಪತಿ ಹೇಳಿದ್ದೇ ಇಬ್ಬರೂ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಆದರೆ ಕಾಕು ಅತ್ತೆಯ ಕೈ ಸವರಿ “ಎಷ್ಟ ಸೊರಗೀದಿಯವ್ವಾ” ಎಂದಾಗ ನನ್ನ ನಗು ನಿಂತಿತು. ಗೆಳತಿ ಸೊರಗಿದ್ದು ಗೆಳತಿಗೆ ಕಾಣದೆ ಹೋದ ಆ ವರ್ಷಗಳು — ಅವನ್ನು ಕದ್ದವಳು ನಾನೇ.

ಈ ಪಂಚಮಿಗೆ ಉಂಡಿ ಡಬ್ಬಿ ಕಾಕು ಮನೆಗೆ ನಾನೇ ಒಯ್ಯುತ್ತೇನೆ, ಕೊಡದೆ ಉಳಿದ ವರ್ಷಗಳದ್ದೂ ಸೇರಿಸಿ.