ಮುಚ್ಚಳ ತೆಗೆಯುವ ಮೊದಲು

ನೀರಿನ ಬಾಟಲಿಯನ್ನು ಎಡಗೈಯಲ್ಲಿ ಹಿಡಿದು, ಬಲಗೈಯ ಐದೂ ಬೆರಳನ್ನು ಮುಚ್ಚಳದ ಮೇಲೆ ಊರಿ, ತಿರುಗಿಸದೆ ನಿಲ್ಲುತ್ತಿದ್ದರು. ಮೈಮೇಲೆ ಕರಿ ಕೋಟು. ತಲೆಗೂ ಅದೇ ಬಣ್ಣ, ಕಿವಿಯ ಪಕ್ಕದಲ್ಲಿ ಮಾತ್ರ ಒಂದು ಬಿಳಿ ಗೆರೆ.

"ಇದರ ಮೇಲೆ ಇಪ್ಪತ್ತು ಅಂತ ಉಂಟು. ಇಲ್ಲಿ ನಲವತ್ತು. ತೆಗೆಯಲಾ?"

ಗೋರೆಗಾಂವ್ ಸ್ಟೇಷನ್ ಹತ್ತಿರದ ಆ ಹೋಟೆಲಿನ ಮಹಡಿಯ ಎ.ಸಿ. ಹಾಲ್‌ಗೆ ಅವರು ಕ್ಯಾಪ್ಟನ್. ವೇಟರ್‌ಗಳ ಮೇಲಿನವರು, ಉಡುಪಿ ಕಡೆಯವರು. ಕಾಲೇಜಿನ ಡಿಬೇಟ್ ಮುಗಿಸಿ ನಾವು ಅಲ್ಲಿಗೆ ಹೋಗುತ್ತಿದ್ದೆವು. ಮೊದಲ ಸಲ ಆ ಮಾತು ಕೇಳಿದಾಗಲೇ ನನಗೆ ಸಂಶಯ ಬಂತು. ಸಣ್ಣ ತಪ್ಪನ್ನು ತಾನೇ ಒಪ್ಪಿಕೊಂಡು ದೊಡ್ಡದನ್ನು ದಾಟಿಸುವುದು ನಾವೂ ವೇದಿಕೆಯ ಮೇಲೆ ಆಡುತ್ತಿದ್ದ ಆಟ.

"ಅಚ್ಚಾದ ಬೆಲೆಗಿಂತ ಹೆಚ್ಚು ತಗೊಳ್ಳೋದು ಸರಿಯಾ?" ಎಂದು ಹಿಡಿದೆ.

"ಎ.ಸಿ. ಯಾರ ಅಪ್ಪ ಓಡಿಸ್ತಾನೆ? ಗ್ಲಾಸು ಯಾರು ತೊಳೀತಾರೆ?"

"ಅದನ್ನೆಲ್ಲ ದೋಸೆಯ ರೇಟಿನಲ್ಲೇ ಸೇರಿಸಿದ್ದೀರಲ್ಲ."

"ಸೇರಿಸಿದ್ದೇವೆ," ಎಂದರು ನಗದೆ. "ಎರಡು ಸಲ. ಅದಕ್ಕೇ ಕೇಳ್ತಾ ಇರೂದು. ತೆಗೆಯಲಾ, ಜಗ್ಗಿನ ನೀರು ಸಾಕಾ?"

ಜಗಳಗಂಟರಾದ ನಮ್ಮನ್ನು ಮಾತ್ರ ಹೀಗೆ ಕೇಳುತ್ತಾರೇನೋ ಎಂದು ಪರೀಕ್ಷೆಗೆ ಅಪ್ಪನನ್ನು ಕಳಿಸಿದೆ. ಅಪ್ಪ ವಿಜಯಪುರದಿಂದ ಬಂದು ಕಟ್ಟಡಗಳಲ್ಲಿ ಗಾರೆ ಕೆಲಸ ಮಾಡುವವನು; ನಮ್ಮ ಮನೆ ಕುರ್ಲಾದ ಚಾಳಿನಲ್ಲಿ. ಬೇರೆ ಹೋಟೆಲುಗಳಲ್ಲಿ ವೇಟರ್ "ಸಾದಾ ಯಾ ಬಾಟಲ್?" ಎನ್ನುವಾಗ ಜಗ್ಗಿನ ನೀರಿನ ಆ 'ಸಾದಾ'ದ ಮೇಲೆ ಧ್ವನಿ ಇಳಿಸುವ ರೀತಿಗೇ ಕುಗ್ಗಿ, ಅಪ್ಪ ಪ್ರತಿಸಲ ಬಾಟಲಿ ಎನ್ನುತ್ತಿದ್ದ. ಅಂದು ಅವನನ್ನು ಒಂಟಿಯಾಗಿ ಕೂರಿಸಿ, ನಾನು ಎರಡು ಟೇಬಲ್ ಆಚೆ ಬೆನ್ನು ತಿರುಗಿಸಿ ಕುಳಿತೆ. ಕ್ಯಾಪ್ಟನ್ ಬಂದರು. ಅದೇ ನಿಲುವು, ಅದೇ ಮಾತು.

"ಬ್ಯಾಡ್ರೀ, ಜಗ್ಗಿನ ನೀರ ಕೊಡ್ರಿ," ಎಂದ ಅಪ್ಪ. ತಗ್ಗಿದ ಧ್ವನಿಯಲ್ಲಲ್ಲ.

ನಾನು ಇನ್ನೇನು ನಂಬಿಬಿಡುತ್ತಿದ್ದೆ. ಬಿಲ್ ತಂದಾಗ ಕ್ಯಾಪ್ಟನ್ ನನ್ನ ಕಡೆ ಬಾಗಿ, "ಕನ್ನಡಿಯಲ್ಲಿ ನಿನ್ನ ಬ್ಯಾಗ್ ಕಾಣ್ತಿತ್ತು ಮಾರಾಯ್ತಿ," ಎಂದರು. ಪರೀಕ್ಷೆ ಅಲ್ಲಿಗೆ ಕೆಟ್ಟಿತು. ಅದೂ ಅಲ್ಲದೆ, ಹೀಗೆ ಕೇಳಿಸಿಕೊಂಡ ಗಿರಾಕಿಗಳು ಅವರಿಗೆ ಟಿಪ್ ಧಾರಾಳವಾಗಿಯೇ ಇಡುತ್ತಿದ್ದರು. ಪ್ರಾಮಾಣಿಕತೆಯೂ ಒಂದು ವ್ಯಾಪಾರ ಎಂದು, ಅವರ ಕಿವಿಗೂ ಬೀಳುವಂತೆ, ಗೆಳೆಯರಿಗೆ ವಾದಿಸಿ ತೋರಿಸಿದೆ.

ಕೆಲವು ತಿಂಗಳ ಮೇಲೆ ನಾವು ಕುಳಿತಿದ್ದಾಗಲೇ ಮಾಲೀಕರು ಮಹಡಿ ಹತ್ತಿ ಬಂದು ಕ್ಯಾಪ್ಟನ್ ಎದುರು ನಿಂತರು.

"ಗಿರಾಕಿ ಕೂರುವ ಮೊದಲೇ ಮುಚ್ಚಳ ತೆಗ್ದು ಇಡು ಮಾರಾಯ. ಆಮೇಲೆ ಯಾರೂ ಬೇಡ ಅನ್ನೂದಿಲ್ಲ. ಆಗೂದಿಲ್ಲಾಂದ್ರೆ ಕೆಳಗೆ ಹೋಗು."

"ತೆಗ್ದಿಟ್ಟು ಆಮೇಲೆ ಬೇಕಾ ಅಂತ ಕೇಳ್ಬಹುದು ಸೇಠ್. ಆದ್ರೆ ಮುಚ್ಚಳ ತೆಗೆದ ಮೇಲೆ ಕೇಳಿದ್ರೆ ಅದು ಕೇಳಿದ ಹಾಗೆ ಅಲ್ಲ."

ಮುಂದಿನ ಸಲ ಹೋದಾಗ ಅವರು ಕೆಳಗಿದ್ದರು, ಫ್ಯಾನುಗಳ ನಡುವೆ, ಚಹಾ ಕುಡಿದು ಲೋಕಲ್ ರೈಲಿಗೆ ಓಡುವವರ ಮಧ್ಯೆ. ಕೋಟು ಇರಲಿಲ್ಲ. ಕೂದಲಿಗೆ ಬಣ್ಣ ಹಚ್ಚುವುದನ್ನೂ ಬಿಟ್ಟಿದ್ದರು.

"ಇಲ್ಲಿ ಟಿಪ್ ಸಿಗುತ್ತಾ?" ನಾನು ಕೇಳಿಯೇಬಿಟ್ಟೆ.

"ಎಂಥ ಟಿಪ್? ಚಿಲ್ಲರೆಯೂ ಬಿಡೂದಿಲ್ಲ ಇವರು. ನಿನಗೀಗ ಪಾಯಿಂಟ್ ಸಿಕ್ಕಿತಾ, ಹೋಯಿತಾ?"

ಹೋಯಿತು. ನನ್ನ ಬಳಿ ಇದ್ದ ಒಳ್ಳೆಯ ವಾದ ಅದೊಂದೇ ಆಗಿತ್ತು.

ಕಳೆದ ವರ್ಷ ಕ್ಯಾಪ್ಟನ್ ಊರಿಗೆ ಹೋಗಿದ್ದಾಗ ಹೃದಯಾಘಾತವಾಗಿ ತೀರಿಕೊಂಡರಂತೆ. ಗಲ್ಲಾದಲ್ಲಿ ಕುಳಿತ ಮಾಲೀಕರೇ ನನಗೆ ಹೇಳಿದ್ದು. "ಭಾರೀ ಒಳ್ಳೆ ಜನ," ಎನ್ನುತ್ತ ನನ್ನನ್ನು ಮೇಲಿನ ಹಾಲ್‌ಗೆ ಕರೆದೊಯ್ದರು. ಬಾಟಲಿ ತಂದು, ಮುಚ್ಚಳದ ಮೇಲೆ ಬೆರಳೂರಿ ನಿಂತು, "ತೆಗೆಯಲಾ?" ಎಂದರು.

ತೆಗೆಯಿರಿ ಎನ್ನುವುದರಲ್ಲಿದ್ದೆ. ಅಷ್ಟರಲ್ಲಿ ಪಕ್ಕದ ಟೇಬಲ್ ನೋಡಿದೆ. ಗಂಡ ಹೆಂಡತಿ ಈಗಷ್ಟೇ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಅವರ ಮುಂದೆ ಎರಡು ಬಾಟಲಿ, ಎರಡಕ್ಕೂ ಮುಚ್ಚಳವಿರಲಿಲ್ಲ.

ನಾನು ಆ ಗಂಡ ಹೆಂಡತಿಯ ಕಡೆ ತಿರುಗಿ, ಮಾಲೀಕರಿಗೂ ಕೇಳಿಸುವಷ್ಟು ಜೋರಾಗಿ, ಇದನ್ನು ನೀವು ಹೇಳಿ ತರಿಸಿದ್ದಾ ಎಂದು ಕೇಳಿದೆ.