ಚಾರ್ಜ್ ಆಗುವ ಹೊತ್ತಿನ ಮಾತು

ನನ್ನ ಮಾವನವರ ಬಲಗಿವಿಯ ಮುಂದೆ, ಕೆನ್ನೆ ಶುರುವಾಗುವಲ್ಲಿ, ಕಡಲೆಕಾಳಿನಷ್ಟು ದಪ್ಪದ ಒಂದು ಜಡ್ಡು ಇತ್ತು. ಇಬ್ರಾಹಿಂಪಟ್ನಂನ ವಿದ್ಯುತ್ ಸ್ಥಾವರದಲ್ಲಿ ನೌಕರಿ ಮಾಡಿದಷ್ಟು ಕಾಲವೂ ಅವರು ತಿರುಗುವ ಯಂತ್ರದ ಮೈಗೆ ಉದ್ದನೆಯ ಸ್ಕ್ರೂಡ್ರೈವರಿನ ತುದಿ ಹಚ್ಚಿ, ಅದರ ಹಿಡಿಯನ್ನು ಅಲ್ಲಿಗೆ ಒತ್ತಿಕೊಂಡು ಒಳಗಿನ ಸದ್ದು ಕೇಳುತ್ತಿದ್ದರಂತೆ. ಯಂತ್ರ ಕೆಡುವ ಮೊದಲು ಅದರ ಸದ್ದು ಕೆಡುತ್ತದೆ ಎನ್ನುವುದು ಅವರ ನಂಬಿಕೆ. ನಿವೃತ್ತರಾಗಿ ವಿಶಾಖಪಟ್ಟಣದ ಮಧುರವಾಡಕ್ಕೆ, ನಮ್ಮ ಫ್ಲ್ಯಾಟಿಗೆ ಬಂದ ಮೇಲೆ ಅವರಿಗೆ ಕೇಳಲು ದೊಡ್ಡ ಯಂತ್ರಗಳು ಸಿಗಲಿಲ್ಲ. ನಮ್ಮ ಫ್ರಿಜ್ಜು, ಮಿಕ್ಸಿ, ಲಿಫ್ಟುಗಳೇ ಆ ಕಿವಿಗೆ ಸಿಕ್ಕಿ ದಿನಾ ಬೈಸಿಕೊಳ್ಳುತ್ತಿದ್ದವು.

ಅವರ ತಾಯಿ ಬಳ್ಳಾರಿಯವರು, ತಂದೆ ವಿಜಯವಾಡದ ತೆಲುಗರು. ತಾಯಿಯ ಕನ್ನಡ ಉಳಿದದ್ದು ಅವರಲ್ಲಿ ಮತ್ತು ಅವರ ಅಕ್ಕನಲ್ಲಿ ಮಾತ್ರ. ಮಾವನ ಹೆಂಡತಿ ತೆಲುಗಿನವರು, ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡನಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ತೆಲುಗಿನಲ್ಲೇ ಬರುತ್ತದೆ. ತುಮಕೂರಿನವಳಾದ ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದು ಸೊಸೆಯಾದಾಗ, ಮಾವನಿಗೆ ಸೊಸೆ ಸಿಕ್ಕಿದ್ದಕ್ಕಿಂತ ಮಾತಿಗೊಂದು ಜನ ಸಿಕ್ಕಿದ್ದೇ ಹೆಚ್ಚಿನ ಖುಷಿ ಕೊಟ್ಟಿತೆಂದು ನನ್ನ ಗುಮಾನಿ.

ಅಕ್ಕ ಇದ್ದದ್ದು ವಿಜಯವಾಡದ ಒನ್ ಟೌನಿನಲ್ಲಿ, ಮಗನ ಸಂಸಾರದ ಜೊತೆ, ಸಗಟು ಬಟ್ಟೆ ಅಂಗಡಿಯೊಂದರ ಮೇಲಿನ ಮನೆಯಲ್ಲಿ. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಅವರಿಗೆ ಕಿವಿ ಮಂದ, ಫೋನಿನಲ್ಲಿ ಏನೂ ತಿಳಿಯುತ್ತಿರಲಿಲ್ಲ. ಹಾಗಾಗಿ ಪ್ರತಿ ತಿಂಗಳ ಎರಡನೇ ಶನಿವಾರ ಮಾವ ಕಾರು ಓಡಿಸಿಕೊಂಡು ಹೋಗಿ, ಅಕ್ಕನ ಎದುರು ಕೂತು, ಕೂಗಿ ಕೂಗಿ ಕನ್ನಡ ಮಾತಾಡಿ, ಮಾರನೆಯ ದಿನ ವಾಪಸಾಗುತ್ತಿದ್ದರು. ಸ್ಟೇಷನ್ನಿನ ಮೆಟ್ಟಿಲು ಅವರ ಮೊಣಕಾಲಿಗೆ ಆಗುತ್ತಿರಲಿಲ್ಲವಾದ್ದರಿಂದ ರೈಲಿನ ಮಾತೇ ಇರಲಿಲ್ಲ. ಗಂಡನಿಗೆ ಬಂದರಿನಲ್ಲಿ ಪಾಳಿ ಕೆಲಸ. ನನ್ನ ಬ್ಯಾಂಕಿಗೆ ಅಂದು ರಜೆ, ಹೀಗಾಗಿ ಜೊತೆಗೆ ನಾನು.

ಕಾರಿನಲ್ಲಿ ನನ್ನ ಕೆಲಸ ಅವರ ಹಾಡಿನ ಪ್ಲೇಯರ್ ನೋಡಿಕೊಳ್ಳುವುದು. ಬೆಂಕಿಪೊಟ್ಟಣದಷ್ಟಿದ್ದ ಆ ಹಳೆಯ ಪ್ಲೇಯರಿನಲ್ಲಿ ಅವರು ಬೇಕಾದ ಹಾಡುಗಳನ್ನೆಲ್ಲ ತುಂಬಿಸಿಕೊಂಡಿದ್ದರು. ಅದರಿಂದ ಒಂದು ವೈರು ಕಾರಿನ ಸ್ಟೀರಿಯೋಗೆ ಹೋಗುತ್ತದೆ, ಅದು ಹಾಡಿಗೆ. ಇನ್ನೊಂದು ಸಿಗರೇಟ್ ಹೊತ್ತಿಸುವ ಕಿಂಡಿಗೆ, ಅದು ಚಾರ್ಜಿಗೆ. ಎರಡನ್ನೂ ಒಟ್ಟಿಗೆ ಸಿಕ್ಕಿಸಿದರೆ ಹಾಡಿನ ಹಿಂದೆ ಗುಂಯ್ ಎಂಬ ಸಣ್ಣ ಸದ್ದು ಏಳುತ್ತದೆ, ಆಕ್ಸಿಲರೇಟರ್ ಒತ್ತಿದಷ್ಟೂ ಅದು ಮೇಲಕ್ಕೇರುತ್ತದೆ. ನನಗದು ಲೆಕ್ಕಕ್ಕೇ ಇರಲಿಲ್ಲ. ಮಾವನಿಗೆ ಮಾತ್ರ ಪ್ರಾಣಸಂಕಟ. "ಅದು ಹಾಡಲ್ಲಮ್ಮ, ಕರೆಂಟ್ ಹುಟ್ಟಿಸೋ ಆಲ್ಟರ್ನೇಟರು ಅಳ್ತೈತೆ, ತೆಗಿ ತೆಗಿ" ಎಂದು ಕಾರನ್ನೇ ನಿಧಾನ ಮಾಡಿಬಿಡುತ್ತಿದ್ದರು.

ಗಂಡ ಅದಕ್ಕೊಂದು ಉಪಕರಣ ತಂದುಕೊಟ್ಟ. ಅದು ಹಾಡಿನ ತಳದ ಸ್ವರವನ್ನೇ ತಿನ್ನುತ್ತದೆ ಎಂದು ಮಾವ ಕಿತ್ತಿಟ್ಟರು. "ಫೋನು, ಬ್ಲೂಟೂತು ಅನ್ನೀ ಉನ್ನಾಯಿ ಕದಾ ನಾನ್ನಾ", ಎಲ್ಲ ಇದೆಯಲ್ಲಪ್ಪಾ, ಎಂದು ಅವನು ತೆಲುಗಿನಲ್ಲಿ ಗೋಗರೆದ. ಇವರು ಕೇಳಲಿಲ್ಲ. ಕೊನೆಗೆ ಉಳಿದದ್ದು ಅವರ ಕಾನೂನು: ಹಾಡು ಇಲ್ಲವೇ ಚಾರ್ಜು, ಎರಡೂ ಒಟ್ಟಿಗೆ ಇಲ್ಲ. ಎಂಜಿನ್ ಶುರುವಾಗಿ ಸ್ವಲ್ಪ ಹೊತ್ತಾದ ಮೇಲೆಯೇ ಚಾರ್ಜರ್ ಸಿಕ್ಕಿಸಬೇಕು, ಎಂಜಿನ್ ನಿಲ್ಲಿಸುವ ಮುಂಚೆ ತೆಗೆಯಬೇಕು. ಪ್ಲೇಯರಿನ ಬ್ಯಾಟರಿಗೆ ವಯಸ್ಸಾಗಿತ್ತು. ಅನಕಾಪಲ್ಲಿ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಅದು ಕೈಚೆಲ್ಲುತ್ತಿತ್ತು. ಆಗ ಹಾಡು ನಿಲ್ಲಿಸಿ ಚಾರ್ಜಿಗೆ ಹಾಕುವುದು, ತುಂಬುವ ತನಕ ನಾವಿಬ್ಬರೂ ಮಾತಾಡುವುದು.

ಮನೆಯಲ್ಲಿ ಅವರು ಅಷ್ಟು ಮಾತಿನವರಲ್ಲ. ಚಾರ್ಜ್ ಆಗುವ ಹೊತ್ತಿನಲ್ಲಿ ಮಾತ್ರ ಬಾಯಿ ಬಿಡುತ್ತಿದ್ದರು. ಬಳ್ಳಾರಿಯ ಅಜ್ಜಿಯ ಮನೆ, ಹೆಂಡತಿಯ ಕೋಪ, ಅಕ್ಕ ತನ್ನನ್ನು ಕಂಕುಳಲ್ಲಿ ಹೊತ್ತು ತಿರುಗಿದ್ದು, ಎಲ್ಲವೂ ಆಗಲೇ. ನನ್ನ ಗೋಳೂ ಆಗಲೇ. ಹೊಸ ಶಾಖೆಗೆ ಹೋದ ವಾರವೇ ಎಲ್ಲವನ್ನೂ ಸರಿಮಾಡಲು ಹೊರಟು, ಎಲ್ಲರ ಕೆಂಗಣ್ಣಿಗೆ ಗುರಿಯಾಗಿ ಒಮ್ಮೆ ಕಾರಿನಲ್ಲೇ ಅತ್ತಿದ್ದೆ. ಅವರು ರಸ್ತೆಯಿಂದ ಕಣ್ಣು ತೆಗೆಯದೆ, "ಮೊದ್ಲು ಮಿಷನ್ ಸ್ಟೆಡಿ ಆಗ್ಲಿ, ಆಮ್ಯಾಲೆ ಲೋಡ್ ಹಾಕು. ತಿರುಗೋಕ್ ಶುರುವಾದ್ ಕೂಡ್ಲೇ ಯಾರಾನಾ ಲೋಡ್ ಹಾಕ್ತಾರೇನಮ್ಮ?" ಎಂದರು. ಆಮೇಲೆ ಎಷ್ಟೋ ಶಾಖೆ ನೋಡಿದೆ. ಈ ಮಾತು ಕೈಬಿಟ್ಟಿಲ್ಲ.

ಒಂದು ಶನಿವಾರ ತುನಿ ಹತ್ತಿರ ಬರುವಾಗ "ಇನ್ನೊಂದ್ ಸಲ ಚಾರ್ಜಿಗೆ ಹಾಕಮ್ಮ" ಎಂದರು. ನಾನು ಯಾವುದೋ ಯೋಚನೆಯಲ್ಲಿ ಹಾಡಿನ ವೈರು ಕೀಳದೆಯೇ ಚಾರ್ಜರ್ ಸಿಕ್ಕಿಸಿದೆ. ಗುಂಯ್ ಎದ್ದಿತು. ಇನ್ನೇನು ಬೈಗುಳ ಬಂತೆಂದು ನಾಲಿಗೆ ಕಚ್ಚಿಕೊಂಡೆ. ಬೈಗುಳ ಬರಲಿಲ್ಲ. ಅವರು ಸ್ಟೀರಿಂಗಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಲಾರಿಯೊಂದನ್ನು ಹಿಂದೆ ಹಾಕಿದರು. ಸದ್ದು ಸೊಳ್ಳೆಯಂತೆ ಕಿವಿಯೊಳಕ್ಕೇ ಬಂದರೂ ತಾಳ ನಡೆದೇ ಇತ್ತು. ಆ ಹಾಡು ಮುಗಿದು ಬೇರೆ ನಡೆಯ ಇನ್ನೊಂದು ಹಾಡು ಶುರುವಾಯಿತು. ಅವರ ಬೆರಳು ಹಳೆಯ ಹಾಡಿನ ತಾಳವನ್ನೇ ಹಾಕುತ್ತಿತ್ತು.

ಚಹಾಕ್ಕೆ ನಿಲ್ಲಿಸಿದಾಗ ಕೇಳಿದೆ. "ಮಾವ, ಗುಂಯ್ ಅಂತಿದ್ದಿದ್ದು ನಿಮಗೆ ಕೇಳಿಸ್ಲಿಲ್ವಾ?" ಎರಡು ಸಲ ಕೇಳಬೇಕಾಯಿತು.

ಅವರು ಚಹಾದ ಲೋಟವನ್ನೇ ನೋಡುತ್ತಾ, "ಹಾಡೇ ಸರಿಯಾಗ್ ಕೇಳ್ತಿಲ್ಲಮ್ಮ, ಇನ್ನ ಗುಂಯ್ ಎಲ್ಲಿಂದ" ಎಂದರು. ಲೋಟ ಕೆಳಗಿಟ್ಟು, "ವಯಸ್ಸಾಯ್ತು. ನಿನ್ ಗಂಡನಿಗೆ ಹೇಳ್ಬ್ಯಾಡ. ಹೇಳಿದ್ರೆ ಕೀ ಕಿತ್ಕಂತಾನೆ. ಆಮ್ಯಾಲೆ ಅಕ್ಕ ಆ ಕಡೆ, ನಾನು ಈ ಕಡೆ" ಎಂದರು.

ಹಿಂದಿನಿಂದ ಹಾರ್ನ್ ಹೊಡೆದರೂ ಇತ್ತೀಚೆಗೆ ಅವರು ಪಕ್ಕಕ್ಕೆ ಸರಿಯದಿದ್ದದ್ದು ಆಗ ನೆನಪಾಯಿತು. ಹೆದ್ದಾರಿಯಲ್ಲಿ ಓಡಿಸಲು ಅವರನ್ನು ಇನ್ನು ಬಿಡುವಂತಿರಲಿಲ್ಲ. ಬಿಡದಿದ್ದರೆ ಅಕ್ಕ-ತಮ್ಮ ಇಬ್ಬರೂ ಜೀವ ಇದ್ದೂ ದೂರವಾಗುತ್ತಾರೆ.

"ಹೇಳಲ್ಲ ಮಾವ. ಆದ್ರೆ ಕೀ ನನಗೆ ಕೊಡಿ."

"ಹೈವೇ ಅಂದ್ರೆ ನಿಂಗೆ ಭಯ ಕದಾ?"

ನಿಜವೇ. ಲೈಸೆನ್ಸ್ ಇದ್ದರೂ ನಾನು ಮಧುರವಾಡದಿಂದ ಬ್ಯಾಂಕಿಗೆ ಬಿಟ್ಟು ಬೇರೆಲ್ಲಿಗೂ ಓಡಿಸಿದವಳಲ್ಲ. "ಭಯಾನೇ. ನೀವ್ ಓಡಿಸಿದ್ರೆ ಇನ್ನೂ ಭಯ" ಎಂದೆ. ಅವರು ಜೋರಾಗಿ ನಕ್ಕು, ಜೇಬಿನಿಂದ ಕೀ ತೆಗೆದು ನನ್ನ ಅಂಗೈಗೆ ಹಾಕಿದರು.

ಆ ದಿನ ವಿಜಯವಾಡ ಮುಟ್ಟುವ ಹೊತ್ತಿಗೆ ನನ್ನ ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು. ಎಡಗಡೆ ಕೂತು ಅವರು ಹೇಳಿಕೊಟ್ಟದ್ದು ಒಂದೇ: "ಲಾರೀನ ನೋಡ್ಬ್ಯಾಡ, ಲಾರಿ ಪಕ್ಕದ ಖಾಲಿ ಜಾಗ ನೋಡು." ಹಿಂದಿನ ಹಾರ್ನ್ ಕೇಳುವುದು ನನ್ನ ಪಾಲು, ದೂರದ ತಿರುವು ನೋಡುವುದು ಅವರ ಪಾಲು. ಮನೆಗೆ ಬಂದ ಮೇಲೆ ಮಗನಿಗೆ ಅವರೇ ಹೇಳಿದರು. ಅವನು ಕಿವಿಗೆ ಹಾಕುವ ಯಂತ್ರ ತಂದ. ಎರಡು ದಿನ ಹಾಕಿ, "ಇದರಾಗೂ ಗುಂಯ್ ಐತೆ" ಎಂದು ತೆಗೆದಿಟ್ಟರು. ಪ್ಲೇಯರ್ ಮೂಲೆ ಸೇರಿತು. ಅಲ್ಲಿಂದಾಚೆಗೆ ದಾರಿಯುದ್ದಕ್ಕೂ ಮಾತು, ಅದೂ ಅವರೊಬ್ಬರದೇ. ನನಗೆ ಬೇಸರವಾಗುತ್ತಿರಲಿಲ್ಲ.

ಕಳೆದ ವರ್ಷ ಮಾವ ನಿದ್ದೆಯಲ್ಲೇ ಹೋದರು. ಸಂಸ್ಕಾರವೆಲ್ಲ ಇಲ್ಲೇ ಮುಗಿಯಿತು. ಒನ್ ಟೌನಿಗೆ ಫೋನು ಹೋಗಿತ್ತು, ಆದರೆ ದೊಡ್ಡತ್ತೆಗೆ ಹೇಳಲು ಅವರ ಮಗನಿಗೆ ಧೈರ್ಯ ಬಂದಿರಲಿಲ್ಲ. "ನುವ್ವೇ ಚೆಪ್ಪಮ್ಮಾ", ನೀನೇ ಹೇಳಮ್ಮ, ನಿನ್ನ ಮಾತು ಕೇಳುತ್ತಾಳೆ, ಎಂದ. ಕರ್ಮಗಳು ಮುಗಿದ ಮೇಲೆ ಒಬ್ಬಳೇ ಕಾರು ತೆಗೆದುಕೊಂಡು ಹೊರಟೆ.

ಎದುರಿಗೆ ಕೂತು ಹೇಳಿದೆ. ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಏನಂದೆ?" ಎಂದು ಕಿವಿಯನ್ನೇ ನನ್ನ ಬಾಯಿಯ ಹತ್ತಿರ ತಂದರು. ಅಂಥ ಮಾತನ್ನು ಕೂಗಿ ಹೇಳುವ ಕಷ್ಟ ಯಾರಿಗೂ ಬೇಡ. "ಮಾವ ಹೋಗ್ಬಿಟ್ರು ದೊಡ್ಡತ್ತೆ" ಎಂದು ಕೂಗಿದೆ. ಕೆಳಗೆ ಬಟ್ಟೆಯ ಮೂಟೆ ಇಳಿಸುತ್ತಿದ್ದವರು ತಲೆಯೆತ್ತಿ ನೋಡಿದರು.

ದೊಡ್ಡತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಯಾರು ಕರ್ಕಂಡ್ ಬಂದ್ರು?" ಎಂದು ಕೇಳಿದರು.

"ನಾನೇ ಓಡಿಸ್ಕೊಂಡು ಬಂದೆ."

"ಒಬ್ಬಾಕೇನಾ? ಅಷ್ಟು ದೂರ? ನನ್ ತಮ್ಮ ಕಲಿಸಿದ್ನಾ?"

ತಲೆಯಾಡಿಸಿದೆ. ಅವರು ನನ್ನ ಕೈ ಹಿಡಿದುಕೊಂಡು, ಬಿಡದೆ, "ಮುಂದಿನ ತಿಂಗ್ಳು ಬರ್ತೀಯಲ್ಲಮ್ಮ?" ಎಂದರು.

ಬರುತ್ತೇನೆ ಎಂದೆ. ಕೂಗಬೇಕೆಂಬುದು ಮರೆತು ಮೆಲ್ಲಗೇ ಹೇಳಿದ್ದೆ. ಅವರಿಗೆ ಕೇಳಿಸಿತು.