ಮರಿಗಾಡಿಯ ಸದ್ದು

ಡೀಸೆಲ್ ಪಿಕಪ್ ಒಳ್ಳೆಯದೋ ಕರೆಂಟಿನ ಪಿಕಪ್ ಒಳ್ಳೆಯದೋ ಎಂಬ ಮಾತು ನಮ್ಮ ಜಡೆ ಊರಿನಲ್ಲಿ ಎದ್ದರೆ ನಾನು ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಬರುತ್ತೇನೆ. ಭೀಮಣ್ಣನ ಹೋಟೆಲಿನ ಬೆಂಚಿನ ಮೇಲೆ ಕೂತು ಗಾಡಿಗಳ ಜಾತಕ ಬರೆಯುವವರಿಗೆ ಬೇರೆ ಕೆಲಸವಿಲ್ಲ. ಮೈಲೇಜು, ಎಳೆತ, ಬ್ಯಾಟರಿಯ ಆಯುಷ್ಯ ಎಲ್ಲವನ್ನೂ ತೂಗುತ್ತಾರೆ. ಎರಡು ಕಡೆಯವರ ಮಾತೂ ಸರಿಯೇ ಎಂದು ಗೊತ್ತಿರುವುದರಿಂದಲೇ ನನಗೆ ಅದನ್ನು ಕೇಳಲಾಗುವುದಿಲ್ಲ. ನನಗೆ ವರದಮ್ಮ ನೆನಪಾಗುತ್ತಾಳೆ.

ವರದಮ್ಮ ಬಂದಳಿಕೆ ಕಡೆಯ ಕುರಿಗಾರರ ಹೆಂಗಸು. ಪ್ರತಿ ವರ್ಷ ನಮ್ಮ ಭತ್ತದ ಕೊಯ್ಲು ಮುಗಿದ ಮೇಲೆ ಅವರ ಮಂದೆ ಶಿಕಾರಿಪುರ ತಾಲೂಕು ದಾಟಿ ನಮ್ಮ ಕಡೆಗೆ ಬರುತ್ತದೆ. ಬರಿದಾದ ಗದ್ದೆಯಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸುತ್ತಾರೆ. ನಮಗೆ ಗೊಬ್ಬರ, ಅವರಿಗೆ ಮೇವು ಮತ್ತು ಒಂದಿಷ್ಟು ಭತ್ತ. ಗಂಡ ಗುತ್ಯಪ್ಪ ಮಂದೆಯ ಮುಂದೆ ನಡೆಯುವವನು, ಮಾತಾಡಿದರೆ ಸುಂಕ ಕೊಡಬೇಕೇನೋ ಎಂಬಂತಿರುವ ಆಸಾಮಿ. ಬಾಯಿ, ತಲೆ, ಕೈ ಮೂರೂ ವರದಮ್ಮನವೇ. ಒಂದೇ ಮಗ ಯತೀಶ ಹುಟ್ಟಿದ್ದೂ ಹೀಗೆ ಮಂದೆ ಹೊರಟಿದ್ದಾಗ, ಸೊರಬದ ದಾರಿಯಲ್ಲಿ ಯಾರದೋ ಕಣದ ಅಂಚಿನಲ್ಲಂತೆ. ಹೆತ್ತ ವಾರಕ್ಕೆಲ್ಲ ಕೂಸನ್ನೂ ಕುರಿಮರಿಯನ್ನೂ ಒಂದೇ ಕಂಬಳಿಯಲ್ಲಿ ಸುತ್ತಿಕೊಂಡು ನಡೆದೆ ಎಂದು ನನ್ನ ಹೆಂಡತಿ ಧನಲಕ್ಷ್ಮಿಗೆ ನಗುತ್ತ ಹೇಳುತ್ತಿದ್ದಳು. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯುತ್ತಿರಲಿಲ್ಲ.

ಎಳೆಯ ಮರಿಗಳಿಗೆ ದೂರ ನಡೆಯಲಾಗದು. ಹಿಂದೆ ಕತ್ತೆಯ ಮೇಲೆ ಹೇರುತ್ತಿದ್ದರು. ಆಮೇಲೆ ಒಂದು ಹಳೆಯ ಡೀಸೆಲ್ ಪಿಕಪ್ ಬಂತು. ಅದನ್ನು ಅವರು ಮರಿಗಾಡಿ ಎಂದೇ ಕರೆಯುತ್ತಿದ್ದರು. ಮಂದೆ ಮೇಯುತ್ತ ಬರುವುದಕ್ಕೆ ಮುಂಚೆ ಮರಿಗಾಡಿ ಬಂದು ಗದ್ದೆಯೊಳಗೆ ನಿಲ್ಲಬೇಕು, ಎಂಜಿನ್ ಮಾತ್ರ ಆರಿಸಬಾರದು. ಹೊತ್ತು ಮುಳುಗುವಾಗ ರಸ್ತೆಯ ಮೇಲೆ ಬರುತ್ತಿದ್ದ ತಾಯಿಕುರಿಗಳಿಗೆ ಆ ಗಡಗಡ ಸದ್ದು ಕೇಳಿದರೆ ಸಾಕು, ಅರಚುತ್ತ ಗದ್ದೆಗೆ ಇಳಿಯುತ್ತಿದ್ದವು. ಬಸ್ಸಿಗೆ ತಿರುಗಿ ನೋಡುತ್ತಿರಲಿಲ್ಲ, ಟ್ರ್ಯಾಕ್ಟರಿಗೂ ಇಲ್ಲ. ಆ ಜಾತಿಯ ಪಿಕಪ್ಪಿನ ಸದ್ದೆಂದರೆ ಅವಕ್ಕೆ ತಮ್ಮ ಮರಿ ಎಂದೇ ಅರ್ಥ. ಗಾಡಿಯ ಹಿಂಬದಿ ನಿಂತು ಒಂದೊಂದೇ ಮರಿ ಇಳಿಸಿ ತಾಯಿಯ ಮುಂದೆ ಬಿಡುವುದು ವರದಮ್ಮನ ಕೆಲಸ. ಬೇರೆ ಯಾರನ್ನೂ ಅದಕ್ಕೆ ಸೇರಿಸುತ್ತಿರಲಿಲ್ಲ.

ಆ ಹಳೇ ಗಾಡಿ ಹೊಗೆಯ ಗೂಡು. ಸೈಲೆನ್ಸರಿನ ಹೊಗೆ ಹಿಂದಿನ ಬಾಡಿಯೊಳಗೆ ನುಗ್ಗಿ ಮರಿಗಳು ಉಸಿರುಕಟ್ಟುತ್ತಿದ್ದವು. ಬಂದಾಗಲೆಲ್ಲ ಒಂದಾದರೂ ಸೆಟೆದು ಬಿದ್ದಿರುತ್ತಿತ್ತು. ಸತ್ತ ಮರಿಯನ್ನು ಬದುವಿನ ಮೇಲೆ ಮಲಗಿಸಿ ವರದಮ್ಮ ಅದರ ತಾಯಿಯನ್ನು ಕರೆದು ಮೂಸಲು ಬಿಡುತ್ತಿದ್ದಳು. ಮೂಸದಿದ್ದರೆ ಆ ಕುರಿ ಮೇವು ಬಿಟ್ಟು ಹುಡುಕುತ್ತಲೇ ಇರುತ್ತದಂತೆ. ಯತೀಶ ಇದನ್ನು ನೋಡಿ ನೋಡಿ ಬೇಸತ್ತಿದ್ದ. ಹಟ ಹಿಡಿದು ಹಳೆಯದನ್ನು ಮಾರಿ ಕರೆಂಟಿನ ಪಿಕಪ್ ತಂದ.

ಹೋದ ವರ್ಷ ಅದು ನಮ್ಮ ಅಂಗಳಕ್ಕೆ ಬಂದು ನಿಂತಾಗ ಬಂದಿದ್ದು ಯಾರಿಗೂ ಗೊತ್ತಾಗಲಿಲ್ಲ. ನಾಯಿ ಕೂಡ ಬೊಗಳಲಿಲ್ಲ. ನಮ್ಮ ಮನೆಯ ಪ್ಲಗ್ಗಿಗೆ ವೈರು ಸಿಕ್ಕಿಸಿ ಚಾರ್ಜಿಗೆ ಇಟ್ಟಿದ್ದೇ ತಡ, ಅರ್ಧ ಊರು ಸೇರಿತು. ಮುಂದೆ ಕ್ಯಾಮರಾ, ಒಳಗೆ ಟಿವಿಯಂಥ ಪರದೆ. ಎದುರಿಗೆ ಏನಾದರೂ ಅಡ್ಡ ಬಂದರೆ ಡ್ರೈವರ್ ಮರೆತರೂ ಗಾಡಿ ತಾನೇ ಬ್ರೇಕ್ ಹಾಕುತ್ತದೆ ಎಂದು ಯತೀಶ ತಾನೇ ಒಂದು ಹುಲ್ಲಿನ ಹೊರೆ ನಿಲ್ಲಿಸಿ ತೋರಿಸಿದ. ಹೋಟೆಲ್ ಭೀಮಣ್ಣನಿಗೆ ಮಾತ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗಿತ್ತು. ಅವನದು ಗುತ್ಯಪ್ಪನ ಹಳೆಯ ಗಾಡಿಯ ಜಾತಿಯದೇ ಡೀಸೆಲ್ ಪಿಕಪ್. ಸದ್ದಿಲ್ಲದ ಗಾಡಿ ಗಾಡಿಯೇ ಅಲ್ಲ, ಏರಿಗೆ ಸೋಲುತ್ತದೆ, ಮಳೆಗೆ ಸಾಯುತ್ತದೆ ಎಂದು ಒಂದೊಂದೇ ಕೊಂಕು ತೆಗೆದ. ವರದಮ್ಮ ಅದ್ಯಾವುದಕ್ಕೂ ಕಿವಿಗೊಡಲಿಲ್ಲ. ಬಾಡಿಯ ಬಾಗಿಲು ತೆಗೆದು ಮರಿಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಎಲ್ಲವೂ ಕುಣಿಯುತ್ತಿದ್ದವು. ಅವಳ ಮುಖದಲ್ಲಿ ಅಂಥ ಸಂತೋಷವನ್ನು ನಾನು ಹಿಂದೆ ಕಂಡಿರಲಿಲ್ಲ.

ಸಂತೋಷ ಅಂದಿನ ಸಂಜೆಯವರೆಗೂ ಉಳಿಯಲಿಲ್ಲ. ಗಾಡಿ ಗದ್ದೆಯಲ್ಲಿ ನಿಂತಿತ್ತು, ಮರಿಗಳು ಅದರಲ್ಲಿದ್ದವು. ರಸ್ತೆಯಲ್ಲಿ ಬಂದ ತಾಯಿಕುರಿಗಳು ಗದ್ದೆಯನ್ನು ದಾಟಿ ಮುಂದೆಯೇ ಹೋದವು. ಗುತ್ಯಪ್ಪ ಓಡಿ ಅಡ್ಡಗಟ್ಟುವಷ್ಟರಲ್ಲಿ ಎದುರಿನಿಂದ ಭೀಮಣ್ಣನ ಪಿಕಪ್ ಬಂತು. ಮಂದೆಯ ತಾಯಿಗಳೆಲ್ಲ ಒಂದೇ ಸಲ ಅರಚಿ ಅದರ ಮೈಮೇಲೆ ನುಗ್ಗಿದವು. ಭೀಮಣ್ಣ ಹೇಗೋ ನಿಲ್ಲಿಸಿದ. ಕುರಿಗಳು ಅವನ ಖಾಲಿ ಗಾಡಿಯ ಸುತ್ತ ಕತ್ತು ಚಾಚಿಕೊಂಡು ಸುತ್ತುತ್ತಿದ್ದವು.

ಕುರಿಗಳೇ ತೀರ್ಪು ಕೊಟ್ಟವು ಎಂದು ಭೀಮಣ್ಣ ಹೋಟೆಲಿನಲ್ಲಿ ಸಾರಿದ. ಮಾರನೆಯ ದಿನದಿಂದ ಅದೊಂದು ತಮಾಷೆಯೇ ಆಯಿತು. ಗದ್ದೆಯ ಹತ್ತಿರ ಗಾಡಿ ನಿಧಾನ ಮಾಡಿ ಆಕ್ಸಿಲರೇಟರ್ ಒತ್ತುವುದು, ತಾಯಿಗಳು ಬಲೆ ಕಿತ್ತುಕೊಂಡು ಬರುವುದು, ಬೆಂಚಿನ ಮೇಲಿನವರು ಹೊಟ್ಟೆ ಹಿಡಿದುಕೊಂಡು ನಗುವುದು. ಮೂರನೆಯ ಬಾರಿಗೆ ವರದಮ್ಮ ಹೋಟೆಲಿಗೇ ಹೋದಳು. ಒಳಗೆ ಬರಲಿಲ್ಲ, ಕಂಬಳಿ ಹೆಗಲ ಮೇಲೆ ಹಾಕಿಕೊಂಡು ಮೆಟ್ಟಿಲ ಕೆಳಗೆ ನಿಂತಳು. ನಾನೂ ಅಲ್ಲಿದ್ದೆ.

"ಯಣ್ಣಾ, ತಾಯಿಗುಳ್ನ ಹಿಂಗ ಮೋಸ ಮಾಡಬ್ಯಾಡ್ರಿ" ಅಂದಳು. "ಮೊದ್ಲು ಆ ಸದ್ದು ಗದ್ದ್ಯಾಗಿಂದ ಬರ್ತಿತ್ತು, ಗದ್ದಿಗೆ ಇಳೀತಿದ್ವು. ಈಗ ರಸ್ತಿ ಮ್ಯಾಲಿಂದ ಅಷ್ಟೇ ಬರ್ತೈತಿ. ನಮ್ಮ ಗಾಡಿ ಕುರಿ ನೋಡಿ ನಿಲ್ತೈತಿ, ನೀವೂ ನಿಲ್ಲಿಸ್ತೀರಿ. ನೋಡದಿದ್ದೋರ ಗಾಡಿ ಬಂದ್ರ ಏನ್ ಮಾಡ್ಲಿ?"

ಭೀಮಣ್ಣ ಕೆಟ್ಟವನೇನಲ್ಲ; ಅಂದಿನಿಂದ ಗದ್ದೆ ಹತ್ತಿರ ಬಂದರೆ ಎಂಜಿನ್ ಆರಿಸಿ ಇಳಿಜಾರಿನಲ್ಲಿ ಗಾಡಿ ಜಾರಲು ಬಿಡುತ್ತಿದ್ದ. ಆದರೆ ರಸ್ತೆ ಅವನೊಬ್ಬನದೇ? ಶುಂಠಿ, ಅಡಿಕೆ, ಇಟ್ಟಿಗೆ ಹೊತ್ತು ಆ ಜಾತಿಯ ಪಿಕಪ್ಪುಗಳು ಹಗಲೆಲ್ಲ ಓಡಾಡುತ್ತಿದ್ದವು. ಒಂದೊಂದು ಹಾದುಹೋದಾಗಲೂ ಗದ್ದೆಯಲ್ಲಿ ಕಿವಿಗಳು ನೆಟ್ಟಗಾಗುತ್ತಿದ್ದವು.

ಯತೀಶನೇ ಒಂದು ಉಪಾಯ ಹುಡುಕಿದ. ಭೀಮಣ್ಣನ ಗಾಡಿಯ ಸದ್ದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಸ್ಪೀಕರಿಗೆ ಕೂಡಿಸಿ ತನ್ನ ಗಾಡಿಯ ಮೇಲಿಟ್ಟ. ಭೀಮಣ್ಣ ಖುದ್ದು ನಿಂತು ಎಂಜಿನ್ ಗುರುಗುಟ್ಟಿಸಿ ಕೊಟ್ಟ. ಸಂಜೆ ಗದ್ದೆಯಿಂದ ಗಡಗಡ ಸದ್ದು ಎದ್ದಾಗ ಕುರಿಗಳು ಒಂದೂ ತಪ್ಪದೆ ರಸ್ತೆ ಬಿಟ್ಟು ಇಳಿದವು. ಊರೆಲ್ಲ ಮೆಚ್ಚಿತು. ಕೊನೆಗೂ ಡೀಸೆಲ್ಲಿನ ದನಿಯನ್ನೇ ಎರವಲು ತರಬೇಕಾಯಿತಲ್ಲ ಎಂದು ಭೀಮಣ್ಣ ಮೀಸೆ ತಿರುವಿದ. ಹೊಗೆಯಿಲ್ಲದೆ ಬರೀ ದನಿ ಸಿಕ್ಕಿತಲ್ಲ ಎಂದು ಯತೀಶ ತಿರುಗಿಸಿ ಕೊಟ್ಟ. ಹೋಟೆಲಿನ ವಾದಕ್ಕೆ ಹೊಸ ಎಣ್ಣೆ ಬಿದ್ದಿತು.

ವರದಮ್ಮ ಮಾತ್ರ ಒಪ್ಪಲಿಲ್ಲ. ನಮ್ಮ ಬಾವಿಕಟ್ಟೆಯಲ್ಲಿ ಕೊಡ ತೊಳೆಯುತ್ತ, ಮಗನ ಮೇಲೆ ಸಿಟ್ಟಿಲ್ಲದೆಯೇ ಹೇಳಿದಳು: "ಇದ್ರಿಂದ ಆ ಸದ್ದಿನ ಹುಚ್ಚು ಇನ್ನಾ ಜಾಸ್ತಿ ಆಗ್ತೈತ್ರಿ ಗೌಡ್ರೇ. ಬಿಡಿಸ್ಬೇಕಿತ್ತು, ನಾವು ರೂಢಿ ಮಾಡ್ಸಾಕ ಹತ್ತೀವಿ." ಕುರಿಗಳಿಗೆ ತನ್ನ ಕೂಗನ್ನೇ ಕಲಿಸುತ್ತೇನೆ, ಆ ಸದ್ದು ಅಷ್ಟಷ್ಟೇ ಕಡಿಮೆ ಮಾಡಿಸುತ್ತೇನೆ, ಶಿವರಾತ್ರಿ ಹೊತ್ತಿಗೆ ಮರೆತಾವು ಎಂದಳು. ಅಲ್ಲಿಯವರೆಗೆ ಮರಿ ಇಳಿಸುವ ಕೆಲಸವನ್ನು ಮಗನಿಗೆ ಬಿಟ್ಟಳು. ತಾನು ಹೋಗಿ ಗದ್ದೆಯಿಂದ ಆಚೆ, ರಸ್ತೆಯ ಅಂಚಿನಲ್ಲಿ ಕೋಲು ಹಿಡಿದು ನಿಲ್ಲತೊಡಗಿದಳು. ಅವಳ ಕೂಗು ಮೊದಲು ಯಾವ ಕುರಿಗೂ ನಾಟಲಿಲ್ಲ. ಆಮೇಲೆ ಒಂದೆರಡು ಮುದಿ ಕುರಿಗಳು ಕತ್ತು ತಿರುಗಿಸಿದವು. ಅವಳಿಗೆ ಬೇಕಾಗಿದ್ದದ್ದು ಇನ್ನು ಸ್ವಲ್ಪ ದಿನ, ಅಷ್ಟೇ.

ಸಂಜೆಯಾದರೆ ನಾನು ಜಗಲಿಯಿಂದ ನೋಡುತ್ತಿದ್ದೆ. ಬೆಳಕು ಮಂಕಾಗುತ್ತಿರುತ್ತಿತ್ತು, ಅವಳು ಕುರಿಗಳ ಕಡೆ ಮುಖ ಮಾಡಿ, ಸೊರಬದ ಕಡೆಯಿಂದ ಬರುವ ಗಾಡಿಗಳಿಗೆ ಬೆನ್ನು ಕೊಟ್ಟು ನಿಂತಿರುತ್ತಿದ್ದಳು. ಕುರಿಗಾರರು ಹಾಗೆಯೇ. ಗಾಡಿ ಬರುವುದನ್ನು ಅವರು ಕಣ್ಣಿನಿಂದ ನೋಡುವವರಲ್ಲ, ಕಿವಿಯಿಂದ ಅರಿಯುವವರು. ಈಗ ಬೆನ್ನ ಹಿಂದೆ ರಸ್ತೆಯ ಸದ್ದು, ಮುಂದೆ ಗದ್ದೆಯಲ್ಲಿ ಅದೇ ಸದ್ದು. ಯಾವುದು ನಿಜವಾದದ್ದೆಂದು ಅವಳಿಗೆ ಹೇಗೆ ತಿಳಿಯಬೇಕು ಎಂದು ನನಗೆ ಭಯವಾಗುತ್ತಿತ್ತು. ಧನಲಕ್ಷ್ಮಿಗೆ ಹೇಳಿದೆ. ಅವಳೂ ದಿನಾ ಅದನ್ನೇ ನೋಡುತ್ತಿದ್ದಳು.

ಅಂದು ಸಂಜೆ ನಾನು ಗದ್ದೆಯ ಬದುವಿನ ಮೇಲೆಯೇ ಇದ್ದೆ. ಸ್ಪೀಕರ್ ಗಡಗಡ ಎನ್ನುತ್ತಿತ್ತು. ಮಂದೆ ರಸ್ತೆಯ ತಿರುವಿಗೆ ಬಂದಿತ್ತು, ಮುಂದಿನ ಕುರಿಗಳು ಇನ್ನೇನು ಇಳಿಯಬೇಕು. ಆಗ ಯತೀಶನ ಮೊಬೈಲಿಗೆ ಫೋನ್ ಬಂತು. ಫೋನ್ ಬಂದರೆ ಅದರಲ್ಲಿ ಹಾಡೂ ನಿಲ್ಲುತ್ತದೆ, ಸದ್ದೂ ನಿಲ್ಲುತ್ತದೆ. ಗದ್ದೆ ಒಮ್ಮೆಲೇ ಮೌನವಾಯಿತು. ಯತೀಶ ಕಟ್ ಮಾಡಲು ಹೋಗಿ ಗಡಿಬಿಡಿಯಲ್ಲಿ ಫೋನ್ ಎತ್ತಿಬಿಟ್ಟ; ಸ್ಪೀಕರಿನಲ್ಲಿ ಯಾವುದೋ ಹುಡುಗಿಯ ದನಿ, ಗಾಡಿ ಕೊಂಡ ಮೇಲೆ ನಿಮ್ಮ ಅನುಭವ ಹೇಗಿದೆ ಸರ್ ಎಂದು ಕೇಳುತ್ತಿತ್ತು. ಯತೀಶ ಅದನ್ನು ಆರಿಸಲು ತಡಕಾಡಿದ. ಅಷ್ಟರಲ್ಲಿ ಸೊರಬದ ಕಡೆಯಿಂದ ಶುಂಠಿ ಮೂಟೆ ಹೇರಿದ ಡೀಸೆಲ್ ಪಿಕಪ್ಪೊಂದು ಇಳಿಜಾರಿನಲ್ಲಿ ಬಂತು.

ತಾಯಿಗಳು ಗದ್ದೆಗೆ ಬೆನ್ನು ಹಾಕಿ ಓಡಿದವು. ಗುತ್ಯಪ್ಪ ಹಿಂದೆ ಉಳಿದ. ವರದಮ್ಮನಿಗೆ ಪಕ್ಕಕ್ಕೆ ಸರಿಯಲು ಜಾಗವಿತ್ತು, ನಾನು ಕಣ್ಣಾರೆ ನೋಡಿದ್ದೇನೆ. ಅವಳು ಸರಿಯಲಿಲ್ಲ. ಕುರಿಗಳಿಗಿಂತ ಮುಂದೆ ಓಡಿ ಕೋಲು ಅಡ್ಡ ಹಿಡಿದು, ತಾನು ಕಲಿಸಿದ್ದ ಕೂಗನ್ನು ಕೂಗಿದಳು. ಕೆಲವು ನಿಂತವು ಕೂಡ. ಡ್ರೈವರ್ ಕುರಿ ಕಂಡು ಗಾಬರಿಯಾಗಿ, ಅವುಗಳನ್ನು ಉಳಿಸಬೇಕೆಂದೇ ಸ್ಟೇರಿಂಗ್ ಎಳೆದ. ಎಳೆದದ್ದು ಅವಳು ನಿಂತಿದ್ದ ಕಡೆಗೆ.

ಆಮೇಲಿನದು ನನಗೆ ಕನಸಿನಲ್ಲೂ ಬರುತ್ತದೆ. ಗಾಡಿ ಚರಂಡಿಗೆ ಮೂತಿಯಿಟ್ಟು ನಿಂತಿತ್ತು, ಎಂಜಿನ್ ಇನ್ನೂ ಗಡಗಡ ಎನ್ನುತ್ತಿತ್ತು. ಡ್ರೈವರ್ ಬಾಗಿಲು ತೆರೆದಿಟ್ಟೇ ಕೆಳಗಿಳಿದಿದ್ದ. ತಾಯಿಕುರಿಗಳು ಅವಳ ಮೇಲೆಯೇ ಹಾದು ಗಾಡಿಯ ಹಿಂಬದಿಗೆ ಮುತ್ತಿಕೊಂಡು ಶುಂಠಿ ಮೂಟೆಗಳಿಗೆ ಮುಖ ಎತ್ತಿ ಅರಚುತ್ತಿದ್ದವು. ಎಷ್ಟು ಹೊಡೆದರೂ ಸರಿಯಲಿಲ್ಲ, ವರದಮ್ಮನ ಹತ್ತಿರ ಹೋಗಲು ನಮಗೆ ದಾರಿ ಸಿಗಲಿಲ್ಲ. ನಾನು ಹೇಗೋ ನುಗ್ಗಿ ಕೀ ತಿರುಗಿಸಿ ಎಂಜಿನ್ ಆರಿಸಿದೆ. ಆಮೇಲೆಯೇ ಅವು ಚದುರಿದ್ದು.

ಯತೀಶ ಗಾಡಿ ತಂದ. ಮರಿಗಳನ್ನು ಇಳಿಸಿ, ಕಂಬಳಿ ಹಾಸಿ ಅವಳನ್ನು ಹಿಂದೆ ಮಲಗಿಸಿದೆವು. ಗುತ್ಯಪ್ಪ ಹತ್ತಲು ಬಂದ. ಅವಳು ಕಣ್ಣು ತೆರೆದು ಕುರಿ ಅಂದಳು, ಅಷ್ಟೇ. ಅವನು ಇಳಿದು ರಸ್ತೆಯ ಮೇಲೆಯೇ ನಿಂತ. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಕೂತೆ.

ಯತೀಶ ಸೊರಬದ ಕಡೆಗೆ ಎಷ್ಟು ಜೋರಾಗಿ ಓಡಿಸಿದನೋ ನನಗೇ ಗೊತ್ತು. ಗಾಡಿ ಕುಲುಕಲಿಲ್ಲ, ಅದುರಲಿಲ್ಲ. ಡೀಸೆಲ್ ಗಾಡಿಯಾಗಿದ್ದರೆ ಅವಳು ದಾರಿಯಲ್ಲಿ ಎಷ್ಟು ನರಳುತ್ತಿದ್ದಳೋ. ಅರ್ಧ ದಾರಿಯಲ್ಲಿ ಅವಳ ತುಟಿ ಅಲುಗಿತು.

"ಗಾಡಿ ಇನ್ನಾ ಹೊಂಟಿಲ್ಲೇನ್ರಿ ಗೌಡ್ರೇ?"

"ಹೊಂಟೈತವ್ವಾ. ಸೊರಬ ಹತ್ರ ಬಂತು" ಅಂದೆ.

"ಸದ್ದೇ ಇಲ್ಲ." ಅವಳು ನನ್ನ ಅಂಗಿಯ ತೋಳು ಹಿಡಿದುಕೊಂಡಳು. "ಇಲ್ಲೇ ನಿಲ್ಲಿಸ್ಕಂಡು ಕುಂತೀರಿ."

ಇಲ್ಲವ್ವಾ, ಇಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ನಾನು ಮುಂದಿನ ಗಾಜು ಬಡಿದು, ಆ ರೆಕಾರ್ಡನ್ನಾದರೂ ಒಂದಿಷ್ಟು ಹಾಕಪ್ಪ, ಗಾಡಿ ಓಡುತ್ತಿದೆ ಎಂದು ಅವಳಿಗೆ ತಿಳಿಯಲಿ ಎಂದು ಕೂಗಿದೆ. ಯತೀಶ ತಿರುಗಲಿಲ್ಲ.

"ಆ ಸದ್ದು ನಾ ಇನ್ನ ಹಚ್ಚಂಗಿಲ್ಲ ಗೌಡ್ರೇ" ಅಂದ.

ಯಾರಿಗಾದರೂ ಹೇಳಿ ಹೊರಡಿಸಿ ಎಂದು ಅವಳು ಇನ್ನೊಮ್ಮೆ ಕೇಳಿದಳು. ಪೇಟೆಯ ದೀಪಗಳು ಎರಡೂ ಬದಿಯಲ್ಲಿ ಹಿಂದೆ ಸರಿಯುತ್ತಿದ್ದವು, ಅವಳ ಕಣ್ಣು ಮುಚ್ಚಿದ್ದವು. ಆಸ್ಪತ್ರೆಯ ಗೇಟಿನೊಳಗೆ ಗಾಡಿ ತಿರುಗುವಾಗ ನನ್ನ ತೋಳು ಹಿಡಿದಿದ್ದ ಕೈ ಜಾರಿತು. ತನ್ನನ್ನು ಯಾರೂ ಎಲ್ಲಿಗೂ ಕರೆದೊಯ್ಯಲಿಲ್ಲ, ಜಡೆಯ ರಸ್ತೆಯ ಮೇಲೆಯೇ ಬಿಟ್ಟರು ಎಂದೇ ನಂಬಿ ವರದಮ್ಮ ಹೋದಳು.